ಕವಡೆಯ ಬಾರಾ, ಕತ್ತಿಯ ಇಪ್ಪತ್ತು

ಚೌಕಾಬಾರ ಆಡಲು ಕೂತವರ ಕಣ್ಣು ಎರಡೇ ಗರಕ್ಕೆ ಕಾದಿರುತ್ತದೆ. ನಾಲ್ಕೂ ಕವಡೆ ಬಾಯಿ ಮೇಲೆ ಮಾಡಿ ಬಿದ್ದರೆ ಚೌಕಾ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂಟು ಮನೆ. ಮನೆ ಎಣಿಸಿ ಕಾಯಿ ನಡೆಸಿದ್ದಕ್ಕೇ ಮುಗಿಯಲಿಲ್ಲ, ಈ ಎರಡು ಗರ ಬಿದ್ದವರಿಗೆ ಮತ್ತೊಮ್ಮೆ ಒಗೆಯುವ ಹಕ್ಕೂ ಸಿಗುತ್ತದೆ. ಆಟದ ಗದ್ದಲವೆಲ್ಲ ಹುಟ್ಟುವುದು ಆ ಹಕ್ಕಿನಿಂದ. ಒಂದು, ಎರಡು, ಮೂರು ಬಿದ್ದಾಗ ಯಾರೂ ಕೂಗುವುದಿಲ್ಲ.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಕವಡೆಗೆ ಎರಡು ಕಡೆಯ ನೆಂಟಸ್ತಿಕೆ ಇದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತ ಕುಟುಂಬಗಳಿಗೆ ಸರ್ಕಾರ ನೆಲೆ ಮಾಡಿಕೊಟ್ಟ ಊರುಗಳಿವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ದುರ್ಗಾಪೂಜೆ, ಮನೆಯೊಳಗೆ ಬಂಗಾಳಿ, ಬೀದಿಯಲ್ಲಿ ರಾಯಚೂರು ಸೀಮೆಯ ಕನ್ನಡ. ಬಂಗಾಳದ ಹಿಂದೂ ಮದುವೆಗಳಲ್ಲಿ ಹೊಸ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಕವಡೆ ಆಡಿಸುವುದು ಹಳೆಯ ಪದ್ಧತಿ. ಸುತ್ತಲಿನ ಕನ್ನಡದ ಹಳ್ಳಿಗಳಲ್ಲೋ, ನಾಗರಪಂಚಮಿ ಬಂದರೆ ಜೋಕಾಲಿಯ ಜೊತೆಗೆ ಪಗಡೆಯ ಹಾಸೂ ಹೊರಬೀಳುತ್ತದೆ. ಕವಡೆ ಸಿಗದಿದ್ದರೆ ಹುಣಸೆಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ತೇಯ್ದು, ಒಳಗಿನ ಬಿಳುಪು ಕಾಣಿಸಿದ ಮೇಲೆ ಅದನ್ನೇ ಒಗೆದು ಆಡುತ್ತಾರೆ.

ಇಂಥ ಕ್ಯಾಂಪಿನ ಒಂದು ಹುಡುಗಿ ಬೆಂಗಳೂರಿಗೆ ಓದಲು ಹೋದಳು, ಅಲ್ಲಿ ಗೆಳೆಯರ ಜೊತೆ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ ಕಲಿತಳು ಎಂದುಕೊಳ್ಳೋಣ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಆ ಕತೆಯೊಳಗಿನ ವೀರರು, ಕಳ್ಳರು, ಮಂತ್ರವಾದಿಗಳು. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. 20 ಬಿದ್ದರೆ ಅದು ಕ್ರಿಟಿಕಲ್ ಹಿಟ್, ಪೆಟ್ಟು ಇಮ್ಮಡಿ. ರಜೆಗೆ ಊರಿಗೆ ಬಂದಾಗ ತಮ್ಮನಿಗೆ ಆಟ ಕಲಿಸುತ್ತಾಳೆ. ಅವನ ಕೈಯಲ್ಲಿ ಬೆಂಕಿ ಉಗುಳುವ ಮಾಯದ ಕತ್ತಿ. ಮೊದಲ ಸಂಜೆಯೇ 20 ಬೀಳುತ್ತದೆ.

“ದೀದಿ, ಕತ್ತೀದು ಡಬಲ್ ಆತು. ಬೆಂಕೀದೂ ಡಬಲ್ ಆಗ್ತದೇನು?”

ಈ ಅಧ್ಯಾಯ ಆ ಹುಡುಗನ ಪ್ರಶ್ನೆಗೆ ಉತ್ತರ. ಆಟದ ಪುಸ್ತಕ ತೆರೆದರೆ ಉತ್ತರ ಒಂದು ಸಾಲಿನಲ್ಲಿ ಸಿಗುತ್ತದೆ. ಆದರೆ ಆ ಸಾಲು ಹಾಗೇಕಿದೆ, ಬೇರೆ ರೀತಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ತಿಳಿಯಲು ಮೊದಲು ಕವಡೆಗೇ ಮರಳಬೇಕು, ಏಕೆಂದರೆ ಅಲ್ಲಿ ಲೆಕ್ಕ ಕಣ್ಣೆದುರೇ ಇದೆ.

ನಾಲ್ಕು ಕವಡೆ, ಒಂದೊಂದಕ್ಕೂ ಬೀಳಲು ಎರಡು ದಾರಿ. ಒಟ್ಟು 2×2×2×2, ಅಂದರೆ 16 ಬಗೆ. ಒಂದೇ ಕವಡೆ ಬಾಯಿ ಮೇಲಾಗುವ ಬಗೆ 4, ಎರಡಾಗುವುದು 6, ಮೂರಾಗುವುದು 4, ನಾಲ್ಕೂ ಆಗುವುದು 1, ಒಂದೂ ಆಗದಿರುವುದು 1. ಈ 1, 4, 6, 4, 1ನ್ನು ಬೆರಳು ಮಡಚಿ ಎಣಿಸಬಹುದು, ಎಣಿಸದೆಯೂ ಪಡೆಯಬಹುದು. ಎಣಿಸದೆ ಪಡೆಯುವ ಸಾಮಾನ್ಯ ಸೂತ್ರವನ್ನು ಕ್ರಿ.ಶ. 850ರ ಸುಮಾರಿಗೆ ಬರೆದಿಟ್ಟವನು ಮಹಾವೀರಾಚಾರ್ಯ. ಅವನ ‘ಗಣಿತಸಾರಸಂಗ್ರಹ’ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತ ತೊಡಗುವ ಗ್ರಂಥ. ಆ ದೊರೆಯ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ನಾಲ್ಕರಲ್ಲಿ ಎರಡನ್ನು ಆರಿಸಬೇಕೆ? ನಾಲ್ಕರಿಂದ ಕೆಳಗಿಳಿಯುತ್ತ ಎರಡು ಸಂಖ್ಯೆ ಗುಣಿಸು, 4×3. ಒಂದರಿಂದ ಮೇಲೇರುತ್ತ ಎರಡು ಸಂಖ್ಯೆ ಗುಣಿಸಿ ಅದರಿಂದ ಭಾಗಿಸು, 1×2. ಉತ್ತರ 6. ಮಹಾವೀರ ಇದನ್ನು ಕವಡೆಗೆ ಹೇಳಲಿಲ್ಲ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂದು ಕೇಳಿದ. ಯುರೋಪಿನಲ್ಲಿ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಲೆಕ್ಕದ ಬಗ್ಗೆ ಪತ್ರ ಬರೆದುಕೊಂಡದ್ದು 1654ರಲ್ಲಿ. ಮಹಾವೀರನಲ್ಲಿ ಸಂಭವನೀಯತೆಯ ಮಾತಿಲ್ಲ ನಿಜ, ಆದರೆ ಸಂಭವನೀಯತೆ ಯಾವ ಎಣಿಕೆಯ ಮೇಲೆ ನಿಂತಿದೆಯೋ ಆ ಎಣಿಕೆ ಪೂರ್ತಿ ಇದೆ. ನಮ್ಮ ಪಿಯುಸಿ ತರಗತಿಗಳಲ್ಲಿ ಈ ಪಾಠ ಮಾಡುವಾಗ ಮಳಖೇಡದ ಹೆಸರು ಹೇಳಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಈಗ ಲೆಕ್ಕ ಸಲೀಸು. ಕವಡೆ ಎರಡೂ ಕಡೆ ಸಮಸಮವಾಗಿ ಬೀಳುತ್ತದೆ ಎಂದು ಸದ್ಯಕ್ಕೆ ಒಪ್ಪೋಣ. ಒಂದು ಸಲ ಒಗೆದರೆ ಸರಾಸರಿ ಎಷ್ಟು ಮನೆ? 1ನ್ನು ನಾಲ್ಕು ಸಲ, 2ನ್ನು ಆರು ಸಲ, 3ನ್ನು ನಾಲ್ಕು ಸಲ ಕೂಡಿಸಿ, 4 ಮತ್ತು 8ನ್ನು ಒಂದೊಂದು ಸಲ ಸೇರಿಸಿದರೆ 40. ಹದಿನಾರರಿಂದ ಭಾಗಿಸಿದರೆ 2.5. ಮತ್ತೆ ಒಗೆಯುವ ಅವಕಾಶ ಬರುವುದು 16ರಲ್ಲಿ 2 ಸಲ, ಎಂದರೆ ಎಂಟರಲ್ಲೊಂದು ಸಲ. ಹಾಗೆ ಒಗೆದಾಗ ಮತ್ತೆ ಅವಕಾಶ ಬರಬಹುದು, ಅದರ ಮೇಲೆ ಇನ್ನೊಂದು. ಈ ಸರಣಿಯನ್ನೆಲ್ಲ ಸೇರಿಸಿದರೆ ಒಂದು ಸರದಿಯ ಸರಾಸರಿ 2.5ನ್ನು 7/8ರಿಂದ ಭಾಗಿಸಿದಷ್ಟು, ಸುಮಾರು 2.86 ಮನೆ. ಅಷ್ಟೆಲ್ಲ ಕೂಗಾಟ ಎಬ್ಬಿಸುವ ಬಹುಮಾನ ಸರಾಸರಿಗೆ ಕೂಡಿಸುವುದು ಏಳರಲ್ಲೊಂದು ಪಾಲು ಮಾತ್ರ.

ಹಾಗಿದ್ದರೂ ಆಟದ ಸ್ವಭಾವ ಪೂರ್ತಿ ಬದಲಾಗುತ್ತದೆ. ನೂರು ಸರದಿಗಳಲ್ಲಿ ಸುಮಾರು 87 ಒಂದು, ಎರಡು, ಮೂರರಲ್ಲಿ ಮುಗಿಯುತ್ತವೆ. ಐದರಿಂದ ಏಳು ಮನೆಯವು ಐದೋ ಆರೋ ಸಿಗುತ್ತವೆ. ಉಳಿದ ಏಳು, ಒಂಬತ್ತು ಅಥವಾ ಅದಕ್ಕೂ ಹೆಚ್ಚು ಮನೆಯವು. ನಾಲ್ಕು ಅಥವಾ ಎಂಟು ಮನೆಗೆ ಸರದಿ ಮುಗಿಯುವುದೇ ಇಲ್ಲ, ಏಕೆಂದರೆ ಅವು ಬಿದ್ದೊಡನೆ ಮತ್ತೆ ಒಗೆಯಬೇಕು. ಒಂದು ಕಾಯಿ ಹೊರಸುತ್ತು ಒಳಸುತ್ತು ಎರಡನ್ನೂ ದಾಟಿ ನಡುಮನೆ ಸೇರಲು 24 ಹೆಜ್ಜೆ. ಹತ್ತು ಮನೆ ಹಿಂದೆ ಬಿದ್ದವನೂ ಒಂದೇ ಸರದಿಯಲ್ಲಿ ಎದುರಾಳಿಯ ಕಾಯಿಯನ್ನು ಹಿಂದಿನಿಂದ ಬಂದು ಹೊಡೆಯಬಲ್ಲ. ಸರಾಸರಿಯಲ್ಲಿ ಕಾಣದ ಈ ಚದುರುವಿಕೆಯೇ ಅಪರೂಪದ ಗರದ ನಿಜವಾದ ಕೆಲಸ.

ಈಗ ಇಪ್ಪತ್ತು ಮುಖದ ದಾಳಕ್ಕೆ ಬರೋಣ. ವಸ್ತುವೇನೂ ಹೊಸದಲ್ಲ. ಗ್ರೀಕ್ ಮತ್ತು ರೋಮನ್ ಕಾಲದ ಈಜಿಪ್ಟಿನಿಂದ ಬಂದ ಇಂಥ ಕಲ್ಲಿನ ದಾಳಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರತಂದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಿಂದ. ಅದರ ಮರುವರ್ಷ, 1975ರಲ್ಲಿ, ‘ಎಂಪೈರ್ ಆಫ್ ದ ಪೆಟಲ್ ಥ್ರೋನ್’ ಎಂಬ ಇನ್ನೊಂದು ಆಟ ಬಂತು. 20 ಬಿದ್ದರೆ ಪೆಟ್ಟು ಇಮ್ಮಡಿ ಎಂಬ ನಿಯಮ ಅದರಲ್ಲಿತ್ತು. ಆ 20ರ ಬೆನ್ನಿಗೇ 19 ಅಥವಾ 20 ಬಿದ್ದರೆ ಎದುರಾಳಿ ಅಲ್ಲಿಯೇ ಸತ್ತ. ಅದರ ಸಂಭವ 1/20 ಗುಣಿಸು 2/20, ಎಂದರೆ 200ರಲ್ಲಿ ಒಂದು. ಇದನ್ನು ಬರೆದವರು ಎಂ.ಎ.ಆರ್. ಬಾರ್ಕರ್. ಅವರು ವೃತ್ತಿಯಿಂದ ಭಾಷಾವಿಜ್ಞಾನಿ. ಯುವಕನಾಗಿ ಭಾರತದಲ್ಲಿ ಅಧ್ಯಯನ ಮಾಡಿ, ಉರ್ದು ಮತ್ತು ಬಲೂಚಿ ಕಲಿಸುವ ಪಠ್ಯಪುಸ್ತಕ ಬರೆದು, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನ ಬೋಧಿಸಿದವರು. ಚೌಕಾಬಾರವನ್ನು ಅವರು ನೋಡಿದ್ದರು ಎನ್ನಲು ಆಧಾರವಿಲ್ಲ, ಹಾಗೆನ್ನುವುದೂ ಸಲ್ಲ. ಆದರೆ ಗರದ ಮೇಲೆ ಗರ ಎಂಬ ಸುಖ ಎರಡೂ ಕಡೆ ಒಂದೇ.

ಇಮ್ಮಡಿ ಎಂದರೆ ಯಾವುದು ಇಮ್ಮಡಿ? ಸಾಧಾರಣ ನೀಳಕತ್ತಿಗೆ ಎಂಟು ಮುಖದ ಒಂದು ದಾಳ. ಅದರ ಸರಾಸರಿ 4.5. ಕ್ರಿಟಿಕಲ್ ಬಿದ್ದಾಗ ದಾಳವನ್ನು ಒಂದು ಸಲ ಉರುಳಿಸಿ ಬಂದದ್ದನ್ನು ಎರಡರಿಂದ ಗುಣಿಸಬಹುದು. ಇಲ್ಲವೇ ದಾಳವನ್ನೇ ಎರಡು ಸಲ ಉರುಳಿಸಿ ಕೂಡಿಸಬಹುದು. ಎರಡರ ಸರಾಸರಿಯೂ 9. ಆದ್ದರಿಂದ ಎರಡೂ ಒಂದೇ ಎಂದು ಬಹಳ ಮಂದಿ ತಿಳಿಯುತ್ತಾರೆ. ಅಲ್ಲ. ಗುಣಿಸುವ ಪದ್ಧತಿಯಲ್ಲಿ 16 ಬರುವ ಸಂಭವ 8ರಲ್ಲಿ 1, ಬರಿಯ 2 ಬರುವ ಸಂಭವವೂ 8ರಲ್ಲಿ 1, ಬೆಸಸಂಖ್ಯೆ ಬರುವುದೇ ಇಲ್ಲ. ಎರಡು ಸಲ ಉರುಳಿಸಿದರೆ 16ಕ್ಕೂ 2ಕ್ಕೂ 64ರಲ್ಲಿ ಒಂದೇ ಅವಕಾಶ, ಎಲ್ಲವೂ ಒಂಬತ್ತರ ಸುತ್ತ ಗುಂಪುಗೂಡುತ್ತವೆ. ಮಾನಕ ವಿಚಲನೆ ಮೊದಲನೆಯದರಲ್ಲಿ ಸುಮಾರು 4.6, ಎರಡನೆಯದರಲ್ಲಿ 3.2. ಅಪರೂಪಕ್ಕೆ ಬಿದ್ದ 20ರ ಬೆನ್ನಲ್ಲೇ ದಾಳ 1 ತೋರಿಸಿ, ಮಹಾಪೆಟ್ಟು ಎರಡೇ ಅಂಕವಾಗಿ ಇಳಿದುಹೋಗುವ ಸಂಕಟ ಮೊದಲ ಪದ್ಧತಿಯಲ್ಲಿ ಎಂಟು ಪಟ್ಟು ಹೆಚ್ಚು. ನನ್ನ ಒಲವು ಎರಡು ಸಲ ಉರುಳಿಸುವ ಪದ್ಧತಿಗೆ. 2014ರಲ್ಲಿ ಬಂದ ಆಟದ ಐದನೇ ಆವೃತ್ತಿಯ ನಿಯಮವೂ ಅದೇ. ಕವಡೆಯ ಆಟ ಮಾಡುವುದೂ ಅದನ್ನೇ. ಬಾರಾ ಬಿದ್ದರೆ ಎಂಟನ್ನು ಹದಿನಾರು ಮಾಡುವುದಿಲ್ಲ, ಕವಡೆಯನ್ನೇ ಮತ್ತೆ ಕೈಗೆ ಕೊಡುತ್ತದೆ.

ತಮ್ಮನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮಾಯದ ಕತ್ತಿಗಳು ಮುಖ್ಯವಾಗಿ ಎರಡು ಜಾತಿ. ಒಂದು, ‘ಕೂಡು ಮೂರು’ ಎಂಬಂಥ ಸ್ಥಿರ ಬಲದ ಕತ್ತಿ. ತಾಗಿಸುವ ಗರಕ್ಕೂ ಪೆಟ್ಟಿಗೂ ಯಾವಾಗಲೂ ಮೂರು ಸೇರಿಸುತ್ತದೆ. ಇನ್ನೊಂದು, ಪೆಟ್ಟಿನ ಜೊತೆಗೆ ಹೆಚ್ಚಿನ ದಾಳ ತರುವ ಕತ್ತಿ. ಐದನೇ ಆವೃತ್ತಿಯ ‘ಫ್ಲೇಮ್ ಟಂಗ್’ ಎಂಬ ಬೆಂಕಿಕತ್ತಿ ಉರಿಯುತ್ತಿರುವಾಗ ಆರು ಮುಖದ ಎರಡು ದಾಳಗಳಷ್ಟು ಸುಡುತ್ತದೆ, ಸರಾಸರಿ 7. ಕ್ರಿಟಿಕಲ್ ಬಿದ್ದರೆ ದಾಳಗಳೆಲ್ಲ ಎರಡೆರಡು ಸಲ ಉರುಳುತ್ತವೆ, ಬೆಂಕಿಯವೂ ಕೂಡ. ಸ್ಥಿರ ಸಂಖ್ಯೆ ಒಂದೇ ಸಲ ಸೇರುತ್ತದೆ. ಹೌದಪ್ಪ, ಬೆಂಕಿಯದೂ ಡಬಲ್. ಆದರೆ ನಿನ್ನ ತೋಳಿನ ಬಲ ಪೆಟ್ಟಿಗೆ ಸೇರಿಸುವ ಮೂರು ಮೂರೇ.

ಇದೇ ಸರಿ, ಇನ್ನೊಂದು ತಪ್ಪು ಎಂದೇನಿಲ್ಲ. 2000ದಲ್ಲಿ ಬಂದ ಮೂರನೇ ಆವೃತ್ತಿ ಸರಿಯಾಗಿ ತಿರುವುಮುರುವಾಗಿತ್ತು. ಅಲ್ಲಿ ಸ್ಥಿರ ಬಲ ಕ್ರಿಟಿಕಲ್‌ನಲ್ಲಿ ಇಮ್ಮಡಿಯಾಗುತ್ತಿತ್ತು, ಬೆಂಕಿಯ ಹೆಚ್ಚುವರಿ ದಾಳ ಆಗುತ್ತಿರಲಿಲ್ಲ. ಅದೇ ಕತ್ತಿ, ಅದೇ 20, ಅದೃಷ್ಟ ಮುಟ್ಟುವ ಜಾಗ ಮಾತ್ರ ಬೇರೆ. ಎರಡು ಆವೃತ್ತಿಗಳನ್ನು ಕಲಿತವರು ಒಂದೇ ಮೇಜಿನಲ್ಲಿ ಕೂತಾಗ ನಡೆಯುವ ಜಗಳಗಳಲ್ಲಿ ಇದೂ ಒಂದು. ಆಟಕ್ಕೆ ಮೊದಲೇ ಯಾವ ನಿಯಮ ಎಂದು ಮಾತಾಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಯಾವ ಕತ್ತಿ ಮೇಲು? ಐದನೇ ಆವೃತ್ತಿಯ ಲೆಕ್ಕದಲ್ಲಿ ನೋಡೋಣ. ವೀರನ ತೋಳ್ಬಲ 3. ಎದುರಾಳಿಯ ಕವಚ ಸಾಧಾರಣದ್ದು, ಮಾಯವಿಲ್ಲದ ಕತ್ತಿಯಿಂದ ದಾಳದಲ್ಲಿ 11 ಅಥವಾ ಮೇಲೆ ಬಿದ್ದರೆ ತಾಗುತ್ತದೆ. ಕೂಡು ಮೂರರ ಕತ್ತಿ ಹಿಡಿದರೆ 8 ಬಿದ್ದರೂ ಸಾಕು, ಎಂದರೆ 20ರಲ್ಲಿ 13 ಸಲ ತಾಗುತ್ತದೆ. ತಾಗಿದಾಗ ಸರಾಸರಿ 4.5ಕ್ಕೆ ತೋಳಿನ ಮೂರು, ಕತ್ತಿಯ ಮೂರು ಸೇರಿ 10.5. ಇದರ 13/20 ಪಾಲು 6.825. ಕ್ರಿಟಿಕಲ್ ಸೇರಿಸುವುದು 4.5ರ ಇಪ್ಪತ್ತನೇ ಒಂದು ಭಾಗ, 0.225. ಒಟ್ಟು ಒಂದು ಬೀಸಿಗೆ 7.05. ಬೆಂಕಿಕತ್ತಿ ತಾಗುವುದು 20ರಲ್ಲಿ 10 ಸಲ. ತಾಗಿದಾಗ 4.5, 3 ಮತ್ತು 7 ಸೇರಿ 14.5, ಅದರ ಅರ್ಧ 7.25. ಕ್ರಿಟಿಕಲ್‌ನಿಂದ 11.5ರ ಇಪ್ಪತ್ತನೇ ಒಂದು ಭಾಗ, 0.575. ಒಟ್ಟು 7.825. ಬೆಂಕಿ ಗೆದ್ದಿತು.

ಈಗ ಎದುರಿಗೆ ಅಡಿಯಿಂದ ಮುಡಿಯವರೆಗೆ ಉಕ್ಕು ತೊಟ್ಟವನನ್ನು ನಿಲ್ಲಿಸಿ. ಮಾಯವಿಲ್ಲದ ಕತ್ತಿಗೆ 18 ಬೇಕು. ಬೆಂಕಿಕತ್ತಿಗೂ ಅಷ್ಟೇ ಬೇಕು, ಏಕೆಂದರೆ ಅದು ಗುರಿಗೆ ನೆರವಾಗುವುದಿಲ್ಲ. 20ರಲ್ಲಿ 3 ಸಲ ತಾಗುತ್ತದೆ. ಲೆಕ್ಕ ಹಾಕಿದರೆ 2.175ಕ್ಕೆ ಕ್ರಿಟಿಕಲ್‌ನ 0.575 ಸೇರಿ 2.75. ಕೂಡು ಮೂರರ ಕತ್ತಿಗೆ 15 ಸಾಕು, 20ರಲ್ಲಿ 6 ಸಲ. 3.15ಕ್ಕೆ 0.225 ಸೇರಿ 3.375. ಮೊದಲು ಸೋತ ಕತ್ತಿ ಈಗ ಗೆದ್ದಿತು.

ಈ ತಿರುವಿನೊಳಗೆ ಇನ್ನೊಂದು ಸಂಗತಿ ಅಡಗಿದೆ, ನನಗೆ ಇಡೀ ಲೆಕ್ಕದಲ್ಲಿ ಅತ್ಯಂತ ಸೊಗಸೆನಿಸುವುದು ಅದೇ. ಬೆಂಕಿಕತ್ತಿಗೆ ಕ್ರಿಟಿಕಲ್ ಕೊಟ್ಟದ್ದು ಎರಡೂ ಸಲ ಅದೇ 0.575. ಕವಚ ಎಷ್ಟೇ ದಪ್ಪವಿರಲಿ 20 ತಾಗಿಯೇ ತಾಗುತ್ತದೆ, ಆದ್ದರಿಂದ ಆ ಮೊತ್ತ ಕರಗುವುದಿಲ್ಲ. ಉಳಿದದ್ದು ಕರಗುತ್ತದೆ. ಸಾಧಾರಣ ಕವಚದ ಎದುರು ಬೆಂಕಿಕತ್ತಿಯ ಒಟ್ಟು ಪೆಟ್ಟಿನಲ್ಲಿ ಕ್ರಿಟಿಕಲ್‌ನ ಪಾಲು ನೂರಕ್ಕೆ ಏಳು, ಉಕ್ಕಿನ ಎದುರು ನೂರಕ್ಕೆ ಇಪ್ಪತ್ತೊಂದು. ತಾಗುವ ಮೂರೇ ಗರಗಳಲ್ಲಿ ಒಂದು ಆ 20! ಎದುರಾಳಿ ಬಲಿಷ್ಠನಾದಷ್ಟೂ ದುರ್ಬಲನ ಯುದ್ಧ ಅದೃಷ್ಟದ ಕೈಗೆ ಹೋಗುತ್ತದೆ. ಅನುಭವಿ ಆಟಗಾರರು ಇಂಥ ಕಡೆ ದಾಳವನ್ನು ಎರಡು ಸಲ ಉರುಳಿಸಿ ಮೇಲಿನದನ್ನು ಆರಿಸಿಕೊಳ್ಳುವ ಅನುಕೂಲ ಹುಡುಕುತ್ತಾರೆ. ಆಗ 20 ಬರುವ ಸಂಭವ ನೂರಕ್ಕೆ 5ರಿಂದ 9.75ಕ್ಕೆ ಏರುತ್ತದೆ. ದಾಳ ಹೆಚ್ಚು ತರುವ ಕತ್ತಿಗೆ ಈ ಏರಿಕೆಯ ಲಾಭವೂ ಹೆಚ್ಚು.

ಅದೃಷ್ಟ ಇಬ್ಬರಿಗೂ ಸಮಾನ ಎಂಬುದನ್ನು ಮರೆಯಬಾರದು. ರಾಕ್ಷಸನಿಗೂ 20 ಬೀಳುತ್ತದೆ. ಗೈಗ್ಯಾಕ್ಸ್ 1979ರ ತಮ್ಮ ಮಾರ್ಗದರ್ಶಿ ಪುಸ್ತಕದಲ್ಲಿ ಕ್ರಿಟಿಕಲ್ ನಿಯಮವನ್ನು ವಿರೋಧಿಸಿಯೇ ಬರೆದಿದ್ದರು. ಲೆಕ್ಕ ಅವರ ಅಳುಕಿಗೆ ಬೆಂಬಲವಾಗಿ ನಿಲ್ಲುತ್ತದೆ. ಒಂದು ಬೀಸಿಗೆ 20 ಬೀಳದಿರುವ ಸಂಭವ 0.95. ಹದಿನಾಲ್ಕು ಬೀಸುಗಳಲ್ಲಿ ಒಮ್ಮೆಯೂ ಬೀಳದಿರುವ ಸಂಭವ 0.95ನ್ನು ಹದಿನಾಲ್ಕು ಸಲ ಗುಣಿಸಿದಷ್ಟು, ಅರ್ಧಕ್ಕಿಂತ ಚೂರು ಕಡಿಮೆ. 45 ಬೀಸಿಗೆ ಬಂದರೆ ಒಂದಾದರೂ 20 ಬಿದ್ದಿರುವ ಸಂಭವ ನೂರಕ್ಕೆ 90. ಒಬ್ಬ ರಾಕ್ಷಸ ಒಂದೇ ಕಾಳಗದಲ್ಲಿ ಬಂದು ಸಾಯುತ್ತಾನೆ, ನಾಲ್ಕೋ ಐದೋ ಬೀಸು ಎದುರಿಸುತ್ತಾನೆ. ವೀರನ ಕತೆ ವರ್ಷಗಟ್ಟಲೆ ನಡೆಯುತ್ತದೆ, ನೂರಾರು ಬೀಸು ಅವನ ಮೇಲೆ ಬರುತ್ತವೆ. ಯಾವ ನಿಯಮ ಒಂದು ಸಂಜೆ ಹುಡುಗನನ್ನು ಕುಣಿಸಿತೋ, ಅದೇ ನಿಯಮ ಅವನ ವೀರನನ್ನು ಹೆಚ್ಚು ಸಲ ಹುಡುಕಿಕೊಂಡು ಬರುತ್ತದೆ.

ಇಷ್ಟು ಹೊತ್ತು ದಾಳವೂ ಕವಡೆಯೂ ಪಕ್ಷಪಾತವಿಲ್ಲದವು ಎಂದು ಒಪ್ಪಿಕೊಂಡು ಬಂದೆವು. ಇಪ್ಪತ್ತು ಮುಖವೂ ಒಂದೇ ಆಕಾರದ ತ್ರಿಕೋನವಾದ್ದರಿಂದ, ಚೆನ್ನಾಗಿ ಮಾಡಿದ ದಾಳದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಕವಡೆಯ ಮಟ್ಟಿಗೆ ಹಾಗೆನ್ನಲಾಗದು. ಅದು ಸಮುದ್ರದ ಪ್ರಾಣಿಯೊಂದು ತನಗಾಗಿ ಕಟ್ಟಿಕೊಂಡ ಮನೆ. ಕೈಯಲ್ಲಿ ಹಿಡಿದು ನೋಡಿ: ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ, ಒಂದು ತುದಿ ದಪ್ಪ, ತುಟಿಯಂಚಿಗೆ ಸಾಲುಹಲ್ಲು. ನೆಲಕ್ಕೆ ಬಿದ್ದಾಗ ಬೆನ್ನ ಮೇಲೆ ತೂಗಾಡಿ ಒಂದು ಕಡೆಗೆ ವಾಲುತ್ತದೆ, ಬೋರಲು ಬಿದ್ದರೆ ಗಪ್ಪನೆ ಕೂರುತ್ತದೆ. ಬೆನ್ನನ್ನು ಕಲ್ಲಿಗೆ ತೇಯ್ದು ಚಪ್ಪಟೆ ಮಾಡಿದರೆ ಲೆಕ್ಕ ಮತ್ತೆ ಬೇರೆ. ನೆಲ ಸಗಣಿ ಸಾರಿಸಿದ್ದೋ ಕಡಪಾ ಕಲ್ಲಿನದೋ ಎಂಬುದರಿಂದಲೂ ವ್ಯತ್ಯಾಸ ಬರುತ್ತದೆ.

ಬಾಯಿ ಮೇಲಾಗುವ ಸಂಭವ ಅರ್ಧದ ಬದಲು 0.4 ಎಂದು ಹಿಡಿಯಿರಿ. ಚೌಕಾ 39 ಸಲಕ್ಕೊಮ್ಮೆ ಬೀಳುವಷ್ಟು ವಿರಳವಾಗುತ್ತದೆ, ಬಾರಾ ಎಂಟು ಸಲಕ್ಕೊಮ್ಮೆ ಬೀಳುವಷ್ಟು ಧಾರಾಳವಾಗುತ್ತದೆ. ಸರದಿಯ ಸರಾಸರಿ 2.86ರಿಂದ 3.12ಕ್ಕೆ ಏರುತ್ತದೆ. ಸಂಭವ 0.6 ಆದರೆ ತಿರುಗಾಮುರುಗಾ, ಚೌಕಾ ಧಾರಾಳ, ಬಾರಾ ವಿರಳ. ಆಗಲೂ ಸರಾಸರಿ ಇಳಿಯುವುದಿಲ್ಲ, 3.08ಕ್ಕೆ ಏರುತ್ತದೆ! ಬಹುಮಾನದ ಗರಗಳು ಎರಡು ತುದಿಯಲ್ಲೂ ಇರುವುದರಿಂದ ಕವಡೆ ಯಾವ ಕಡೆಗೆ ವಾಲಿದರೂ ಯಾವುದಾದರೊಂದು ತುದಿಗೆ ಲಾಭ. ಸಮಸಮ ಬೀಳುವ ಕವಡೆಯೇ ಎಲ್ಲಕ್ಕಿಂತ ನಿಧಾನದ ಆಟ ಕೊಡುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ ಬಹುಮಾನ ಒಂದೇ ಮುಖಕ್ಕಿರುವುದರಿಂದ ಈ ಗುಣ ಅದಕ್ಕಿಲ್ಲ.

ನಿಮ್ಮ ಮನೆಯ ಕವಡೆ ಎತ್ತ ವಾಲುತ್ತದೆ ಎಂದು ತಿಳಿಯಲು ಒಂದು ಮಧ್ಯಾಹ್ನ ಸಾಕು. ನಾಲ್ಕೂ ಕವಡೆಯನ್ನು ನೂರು ಸಲ ಒಗೆದು, ಬಾಯಿ ಮೇಲಾದವುಗಳನ್ನು ಗೀಟು ಹಾಕಿ ಎಣಿಸಿ. ನಾನೂರರಲ್ಲಿ ಇನ್ನೂರರ ಆಚೀಚೆ ಹತ್ತಿಪ್ಪತ್ತು ವ್ಯತ್ಯಾಸ ಬಂದರೆ ಅದು ಬರಿಯ ಆಕಸ್ಮಿಕವಿರಬಹುದು. ನೂರರವತ್ತಕ್ಕೆ ಇಳಿದರೆ ಕವಡೆ ವಾಲುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು, ಮುಂದಿನ ಪಂಚಮಿಗೆ ಬಾರಾ ನಂಬಿ ಕಾಯಿ ಇಡಬಹುದು.